ಯಾರೂ ಇಲ್ಲದ ಫೋಟೊಗೆ ಹಾರ

“ಮೇಡಂ, ಇದು ಹಾರ ಹಾಕೋ ಫೋಟೋನಾ, ಇಲ್ಲಾ ಸುಮ್ನೆ ಗೋಡೆಗೆ ಹಾಕೋದಾ?”

ಲಗ್ಗೆರೆಯಲ್ಲಿ ಫೋಟೊಗಳಿಗೆ ಕಟ್ಟು ಹಾಕಿಕೊಡುವ ಅಂಗಡಿಯವರು ಹೀಗೆ ಕೇಳಿದಾಗ ನನಗೆ ಅರ್ಥವೇ ಆಗಲಿಲ್ಲ. ನಾನು ಕೊಟ್ಟಿದ್ದು ಪೀಣ್ಯದ ನಮ್ಮ ಫ್ಯಾಕ್ಟರಿಯ ಅಗ್ನಿ ಸುರಕ್ಷತಾ ಸಪ್ತಾಹಕ್ಕೆಂದು ಪ್ರಿಂಟ್ ಹಾಕಿಸಿದ್ದ ಹಳೆಯ ಕಪ್ಪು-ಬಿಳುಪು ಚಿತ್ರ. ಯಾವುದೋ ದೇಶದ ನಗರವೊಂದು ಪೂರ್ತಿ ಸುಟ್ಟುಹೋದ ಮೇಲೆ ತೆಗೆದದ್ದು. ಚಾವಣಿಯಿಲ್ಲದ ಗೋಡೆಗಳು, ಎಲ್ಲಿಗೂ ಹೋಗದ ಮೆಟ್ಟಿಲು, ಅಷ್ಟೆ. ಒಂದು ನರಪಿಳ್ಳೆಯೂ ಇಲ್ಲ.

“ಸರಿಯಾಗಿ ನೋಡ್ರೀ, ಇದ್ರಲ್ಲಿ ಯಾರಿದ್ದಾರೆ ಅಂತ ಹಾರ ಹಾಕೋದು?” ಎಂದು ಸಿಡುಕಿದೆ.

“ಯಾರೂ ಇಲ್ವಲ್ಲ ಮೇಡಂ, ಅದಕ್ಕೇ ಕೇಳಿದ್ದು.”

“ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ” ಎಂದುಬಿಟ್ಟೆ. ಸಂಜೆ ಹೋಗಿ ನೋಡಿದರೆ, ತೀರಿಹೋದವರ ಫೋಟೊಗೆ ಹೊಡೆಯುವ ಹಾಗೆ ಮೇಲ್ಗಡೆ ಎರಡು ಪುಟ್ಟ ಮೊಳೆ ಹೊಡೆದಿದ್ದರು. ಕೀಳಿಸಬೇಕೋ ಬೇಡವೋ ತಿಳಿಯದೆ ಹಾಗೇ ತಂದು, ಬೆಂಕಿ ಆರಿಸುವ ಸಿಲಿಂಡರ್ ಇಟ್ಟಿರುವ ಕಡೆ ಗೋಡೆಗೆ ಹಾಕಿಸಿದೆ.

ಮೊನ್ನೆ ಆಯುಧಪೂಜೆಯ ದಿನ ಮಷಿನ್‌ಗಳಿಗೆಲ್ಲ ಹೂ ಹಾಕುತ್ತಿದ್ದವರು ಯಾರೋ, ಮೊಳೆ ಇದೆಯಲ್ಲ ಎಂದು ಆ ಚಿತ್ರಕ್ಕೂ ಒಂದು ಮೊಳ ಸೇವಂತಿಗೆ ಏರಿಸಿದ್ದಾರೆ. ಮಷಿನ್‌ಗಳ ಹೂವನ್ನು ಆಗಲೇ ತೆಗೆದು ಗುಡಿಸಿದ್ದಾಯಿತು. ಇದೊಂದು ಮಾತ್ರ ಬಾಡಿ ಅಲ್ಲೇ ನೇತಾಡುತ್ತಿದೆ. ಹಬ್ಬದ ಹೂವಾದರೆ ತೆಗೆದು ಬಿಸಾಡಬಹುದು. ತೀರಿಹೋದವರ ಹಾರವಾದರೆ ಮನೆಯವರನ್ನು ಕೇಳಬೇಕು. ಯಾವ ಮನೆಯವರನ್ನು ಕೇಳಲಿ?