ಎರಡನೆಯ ಸಲದ ದಾಕು

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ, ಕುಶಾಲನಗರವನ್ನು ಫ್ರೇಸರ್‌ಪೇಟೆ ಎನ್ನುತ್ತಿದ್ದ ಕಾಲ. ಎಸ್ಟೇಟಿನ ಲೈನುಗಳನ್ನು, ಅಂದರೆ ಕೂಲಿಯವರ ಸಾಲುಮನೆಗಳನ್ನು, ಹುಡುಕಿಕೊಂಡು ಹೋಗಿ ಸಿಡುಬಿನ ದಾಕು ಹಾಕುವುದು ಸಣ್ಣಸ್ವಾಮಿಯ ಕೆಲಸ. ಅವನ ಅಪ್ಪ ಹಾಸನದ ಕಡೆಯಿಂದ ಬಂದು ಫ್ರೇಸರ್‌ಪೇಟೆಯಲ್ಲಿ ಹೊಲ ಮಾಡಿಕೊಂಡಿದ್ದ. ಮಗನಿಗೆ ನೇಗಿಲು ಹಿಡಿಸಲಿಲ್ಲ, ನಡಿಗೆ ಹಿಡಿಸಿತು. ನಾಪೋಕ್ಲಿನವರೆಗೆ ಬಸ್ಸು, ಅಲ್ಲಿಂದಾಚೆ ಕಾಲು. ಹೆಗಲಿನ ಚೀಲದಲ್ಲಿ ಸೂಜಿ, ಸ್ಪಿರಿಟ್ಟು, ರಿಜಿಸ್ಟರು. ಒದ್ದೆ ಬಟ್ಟೆ ಸುತ್ತಿದ ಬಿದಿರಿನ ಕೊಳವೆಯೊಳಗೆ ಸಣ್ಣ ಸಣ್ಣ ಗಾಜಿನ ನಳಿಗೆಗಳು, ಅವುಗಳಲ್ಲಿ ಮದ್ದು. ಮದ್ದಿಗೆ ಬಿಸಿ ತಾಗಬಾರದು, ತಾಗಿದರೆ ಸತ್ತುಹೋಗುತ್ತದೆ. ಹಸುಗೂಸನ್ನು ಎತ್ತಿಕೊಂಡವರ ಹಾಗೆ ಅವನು ನೆರಳು ನೋಡಿಕೊಂಡು ನಡೆಯುತ್ತಿದ್ದ.

ಆ ಡಿಸೆಂಬರಿನಲ್ಲಿ ಬಾಳೆಲೆಯ ಹತ್ತಿರ ಸಿಡುಬು ಕಾಣಿಸಿಕೊಂಡಿತು. ಕಕ್ಕಬೆಯ ಮೇಲಿನ ಒಂದು ತೋಟಕ್ಕೆ ಮೈಸೂರು ಸೀಮೆಯಿಂದ ಕಾಫಿ ಪಿಕಿಂಗಿಗೆ ಬಂದವರು ನಲವತ್ತಮೂರು ಜನ. ಒಬ್ಬರ ತೋಳಿನಲ್ಲೂ ದಾಕಿನ ಗುರುತಿರಲಿಲ್ಲ. ಹಿಂದಿನ ಎರಡು ವರ್ಷವೂ ಪಿಕಿಂಗಿಗೆ ಬಂದಾಗ ಅವನನ್ನು ಕಂಡರೆ ಕಾಡು ಸೇರುತ್ತಿದ್ದವರು, ಈ ಸಲ ಲೈನಿನ ಹಿರಿಯಳು ಕಾಳಮ್ಮನ ಮಾತಿಗೆ ಒಪ್ಪಿ ತೋಳು ಚಾಚಿದ್ದರು.

ತಪ್ಪಾದದ್ದು ಅವತ್ತೇ. ಹೊಳೆ ದಾಟುವಾಗ ನೆನೆದ ಸಣ್ಣಸ್ವಾಮಿ, ದಾರಿಯಲ್ಲಿ ಏಲಕ್ಕಿ ಒಣಗಿಸುವ ಮನೆಯೊಂದರಲ್ಲಿ ಬಟ್ಟೆ ಆರಿಸಿಕೊಳ್ಳಲು ಕೂತಿದ್ದ. ಚೀಲವನ್ನು ಗೋಡೆಯ ಗೂಟಕ್ಕೆ ತಗುಲಿಸಿದ್ದ. ಗೋಡೆಯಾಚೆ ಒಲೆ ಉರಿಯುತ್ತಿತ್ತು. ಹೊರಡುವಾಗ ಮುಟ್ಟಿದರೆ ಕೊಳವೆ ಬೆಚ್ಚಗಿತ್ತು. ಅಷ್ಟೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಇವತ್ತು ಬಿಟ್ಟರೆ ಇವರು ಮತ್ತೆ ಸಿಗಲಾರರು ಎಂಬ ಭಯ. ಅದೇ ಮದ್ದನ್ನು ಎಲ್ಲರ ತೋಳಿಗೂ ಗೀರಿದ.

ಎಂಟನೆಯ ದಿನ, ಅನುಮಾನದಿಂದಲೇ ಹೊಸ ಮದ್ದು ಹೊತ್ತು, ನೋಡಲು ಬಂದ. ದಾಕು ಹಿಡಿದಿದ್ದರೆ ಏಳಬೇಕಿದ್ದ ಬೊಕ್ಕೆ ಒಂದು ತೋಳಿನಲ್ಲೂ ಎದ್ದಿರಲಿಲ್ಲ. ಬಾಗಿಲುಗಳಿಗೆ ಮಾತ್ರ ಊರಿನಿಂದ ತರಿಸಿದ ಬೇವಿನ ಸೊಪ್ಪು ಸಿಕ್ಕಿಸಿತ್ತು. ಅವರ ಪಾಲಿಗೆ ಸಿಡುಬಿನ ಹಾಗೆ ದಾಕೂ ಅಮ್ಮನೇ. ಏಳು ದಿನ ಒಗ್ಗರಣೆಯಿಲ್ಲ, ಮಾಂಸವಿಲ್ಲ, ತಲೆಗೆ ಎಣ್ಣೆಯಿಲ್ಲ. ಸತ್ತ ಮದ್ದಿಗೆ ಇಡೀ ಲೈನು ವ್ರತ ಹಿಡಿದಿತ್ತು.

ತೋಟದ ಲೆಕ್ಕ ಬರೆಯುವ ರೈಟರ್ ಕುಶಾಲಪ್ಪ ಅವನನ್ನು ಪಕ್ಕಕ್ಕೆ ಎಳೆದ. "ಬಾಯಿ ಬಿಡಬೇಡಿ ಮಾರಾಯ್ರೆ. ಆಯಿತು ಅಂತ ರಿಜಿಸ್ಟರಿನಲ್ಲಿ ಬರೆದು ಹೊರಡಿ. ತಪ್ಪಾಯಿತು ಅಂದರೆ ಈ ಜನ್ಮದಲ್ಲಿ ಇವರು ಮತ್ತೆ ಕೈ ಕೊಡುವುದಿಲ್ಲ."

ಅದೂ ನಿಜವೇ. ಆದರೆ ಬರೆದು ಹೊರಟರೆ, ಇನ್ನು ಸಿಡುಬು ಬಾರದು ಎಂಬ ಧೈರ್ಯದಲ್ಲಿ ಇವರು ಬಾಳೆಲೆಯ ತೋಟಗಳಲ್ಲಿರುವ ನೆಂಟರ ಮನೆಗೂ ಹೋಗಿಬರುತ್ತಾರೆ. ಸಣ್ಣಸ್ವಾಮಿ ಅಂಗಳಕ್ಕೆ ಹೋಗಿ ನಿಂತ.

"ಅಮ್ಮ ಮುನಿದಿಲ್ಲ. ತಪ್ಪು ನನ್ನದು. ಮದ್ದಿಗೆ ಬಿಸಿ ತಾಗಿದ್ದು ಗೊತ್ತಿದ್ದೂ ಹಾಕಿಬಿಟ್ಟೆ. ಇನ್ನೊಂದು ಸಲ ಹಾಕಬೇಕು."

"ಇನ್ನೊಂದ್ ಸಲವಾ?" ಎಂದಳು ಮುತ್ತಿ, ಸೊಂಟದ ಮಗುವನ್ನು ಸರಿಮಾಡಿಕೊಳ್ಳುತ್ತ. "ಸಪ್ಪೆ ಸಾರು ಕುಡ್ದು ಕುಡ್ದು ನಾಲಿಗೆ ಸತ್ತೋಗದೆ. ನಾಳೀಕೆ ಕೋಳಿ ಕುಯ್ಯವಾ ಅಂತಿದ್ದೋ. ಈ ಸಾಮಿಗೇನು, ಮನೇಲಿ ಗಮಗಮ ಅಂತ ಉಣ್ಕಂಡ್ ಬತ್ತಾರೆ!"

ಎಲ್ಲರೂ ನಕ್ಕರು. ನಗುವಿನಲ್ಲಿ ಸಿಟ್ಟಿತ್ತು.

ಕಾಳಮ್ಮ ನಗಲಿಲ್ಲ. "ನೀನು ಯೋಳ್ದೇ ಇದ್ದಿದ್ರೆ ನಮ್ಗೆ ಗೊತ್ತಾಯ್ತಿತ್ತಾ ಸಾಮಿ?"

"ಇಲ್ಲ, ಅವ್ವಾ."

"ಅಂಗಾರೆ ಹಾಕು. ಇನ್ನೊಂದ್ ಏಳು ದಿನ ನಾವು ಹಿಡೀತೀವಿ. ನೀನೂ ಇಲ್ಲೇ ಇದ್ದು ನಮ್ ಜೊತೇಲೇ ಸಪ್ಪೆ ಉಣ್ಣು."

ಕುಶಾಲಪ್ಪ ಪಿಸುಗುಟ್ಟಿದ: "ಲೈನಿನಲ್ಲಿ ಉಂಡಿರಿ ಅಂತ ತಿಳಿದರೆ ನಿಮ್ಮ ಮನೆಯಲ್ಲಿ ಒಳಗೆ ಬಿಟ್ಟುಕೊಳ್ಳುತ್ತಾರಾ?"

ಸಣ್ಣಸ್ವಾಮಿ ಚಪ್ಪಲಿ ಬಿಟ್ಟು ಕಾಳಮ್ಮನ ಜಗಲಿಯ ಮೇಲೆ ಕೂತ.

ಹೊಸ ಮದ್ದು ಗೀರಿದ್ದಾಯಿತು. ಹಗಲೆಲ್ಲ ಅವರ ಜೊತೆ ಕಾಫಿ ಸಾಲುಗಳ ನಡುವೆ ಬುಟ್ಟಿ ಹೊತ್ತ. "ಸಾಮಿ ಹಣ್ಣು ಬಿಟ್ಟು ಕಾಯಿ ಕೀಳ್ತಾವ್ರೆ, ನೋಡ್ರವ್ವಾ" ಎಂದು ಮುತ್ತಿ ಕೂಗುತ್ತಿದ್ದಳು. ಸಂಜೆ ಮುದ್ದೆ, ಬರೀ ಉಪ್ಪಿನ ಸಾರು. ಮೂರನೆಯ ದಿನ ಅವನ ತಟ್ಟೆಗೆ ಕೇಳದೆಯೇ ಎರಡನೆಯ ಮುದ್ದೆ ಬಿತ್ತು. ಐದನೆಯ ದಿನ ಬೆಳಿಗ್ಗೆ ಮುತ್ತಿ ಮಗುವನ್ನೆತ್ತಿಕೊಂಡು ಓಡಿಬಂದಳು. ಪುಟ್ಟ ತೋಳಿನ ಮೇಲೆ ಕೆಂಪಗೆ ಒಂದು ಬೊಕ್ಕೆ.

"ಬಂದದೆ, ಸಾಮೀ!"

ಎಂಟನೆಯ ದಿನ ಎಣಿಸಿದಾಗ ನಲವತ್ತೆರಡು ತೋಳುಗಳಲ್ಲಿ ಬೊಕ್ಕೆ ತುಂಬಿತ್ತು. ಉಳಿದದ್ದು ಒಂದೇ, ಮುತ್ತಿಯದು. ಕೆಲವರಿಗೆ ಹೀಗಾಗುವುದುಂಟು ಎಂದು ಹೇಗೆ ಹೇಳುವುದೋ ತಿಳಿಯದೆ ಸಣ್ಣಸ್ವಾಮಿ ರಿಜಿಸ್ಟರು ತಿರುವುತ್ತ ನಿಂತ.

"ಯಾಕ್ ಸಾಮಿ ಮಕ ಇಳಿಬಿಟ್ಟಿದ್ದೀರಿ?" ಎಂದಳು ಅವಳು. "ಓಗಿ, ಒಸ ಮದ್ದು ತಕ್ಕಬನ್ನಿ. ಇನ್ನೇಳು ದಿನ ನಾನೊಬ್ಳೇ ಸಪ್ಪೆ ಉಣ್ತೀನಿ. ನೀವು ಇಲ್ಲೇ ಕೂತು ಕಾಯೋದೇನೂ ಬ್ಯಾಡ."