ಬೈದವರಿಗೆ ಮಾತ್ರ ಬಸ್ಸು

ತೆಂಕಾಸಿ ಸೀಮೆಯ ಒಂದು ಬಸ್ ಡಿಪೋದಲ್ಲಿ ಹನ್ನೊಂದು ವರ್ಷ ಕಿಟಕಿಯ ಹಿಂದೆ ಕೂತು ಪೇಚ್ಚಿಮುತ್ತು ತಿಂದಷ್ಟು ಬೈಗುಳವನ್ನು ಆ ಜಿಲ್ಲೆಯಲ್ಲಿ ಇನ್ಯಾರೂ ತಿಂದಿರಲಾರರು. ಬೆಳಿಗ್ಗೆ ಐದಕ್ಕೇ ಶುರುವಾಗುತ್ತಿತ್ತು. ಚಾಲಕರು ಒಬ್ಬೊಬ್ಬರಾಗಿ ಕಿಟಕಿಗೆ ಬಂದು, ಸಹಿ ಹಾಕಿ, ಅವತ್ತು ಯಾವ ಗಾಡಿ, ಯಾವ ಊರು, ಎಷ್ಟು ಸುತ್ತು ಎಂದು ಬರೆದ ಟ್ರಿಪ್ ಶೀಟ್ ತೆಗೆದುಕೊಂಡು ಹೋಗಬೇಕು. ತೆಗೆದುಕೊಳ್ಳುವ ಮೊದಲು ಏನನ್ನಾದರೂ ಬೈಯಬೇಕು. ಹಾಗಂತ ಯಾವ ಸುತ್ತೋಲೆಯಲ್ಲೂ ಬರೆದಿಲ್ಲ, ಟೈಂಕೀಪರ್ ಪೇಚ್ಚಿಮುತ್ತು ತಾನೇ ಮಾಡಿಕೊಂಡ ಕಾನೂನು ಅದು. ಚಾಲಕರ ಬಾಯಲ್ಲಿ ಅವನು ಅಣ್ಣಾಚ್ಚಿ, ಅಂದರೆ ಅಣ್ಣ.

“ಅಣ್ಣಾಚ್ಚಿ, ಮತ್ತೆ ಅದೇ ಗಾಡಿನಾ? ಅದೇನು ಬಸ್ಸಾ, ಹಿಟ್ಟಿನ ಗಿರಣಿನಾ?”

“ಗಿರಣಿನೇ. ನಿನ್ನ ಮುಖಕ್ಕೆ ವಿಮಾನ ಕೊಡಬೇಕಿತ್ತು, ತಪ್ಪಾಯ್ತು. ಹಿಡಿ.”

“ಕ್ಯಾಂಟೀನ್ ವಡೆ ನೋಡಿದ್ರಾ? ಸ್ಟೆಪ್ನಿ ಇಲ್ದಿದ್ರೆ ಅದನ್ನೇ ಹಾಕ್ಕೊಂಡು ಓಡಿಸ್ಬೋದು.”

“ಹಾಕ್ಕೋ. ಪಂಕ್ಚರ್ ಆದ್ರೆ ಚಟ್ನಿ ಮೆತ್ತು.”

ಒಂದು ಬೈಗುಳ ಬಂದರೆ ಎರಡು ತಿರುಗಿಸಿ ಕೊಡುವುದು ಅವನ ಪದ್ಧತಿ. ಹೀಗೆ ಬೈದು ಬೈಸಿಕೊಂಡು ನಕ್ಕೊಂಡು ಹೋದವನ ಬಗ್ಗೆ ಅವನಿಗೆ ಚಿಂತೆಯಿಲ್ಲ. ಚಿಂತೆಯೆಲ್ಲ ಸುಮ್ಮನೆ ಬಂದು, ಸಹಿ ಹಾಕಿ, “ಕೊಡಿ ಅಣ್ಣಾಚ್ಚಿ” ಎಂದು ಕೈ ಚಾಚುವವನದು. ಅಂಥವನಿಗೆ ಶೀಟ್ ಸಿಗುತ್ತಿರಲಿಲ್ಲ. ಕಿಟಕಿಯ ಪಕ್ಕದ ಬಾಗಿಲು ತೆಗೆದು ಒಳಗೆ ಕರೆದು, ಸ್ಟೂಲಿನ ಮೇಲೆ ಕೂರಿಸಿ, ಹೆಂಡತಿ ಗೋಮತಿ ಫ್ಲಾಸ್ಕಿಗೆ ಹಾಕಿ ಕಳಿಸಿದ ಶುಂಠಿ ಕಾಫಿಯನ್ನು ಬಗ್ಗಿಸಿ ಕೊಡುತ್ತಿದ್ದ. ಏನಾಯಿತು, ಯಾಕೆ ಎಂದು ಒಂದು ಮಾತೂ ಕೇಳುತ್ತಿರಲಿಲ್ಲ. ತನ್ನ ಕಾಲಿನ ಆಣಿಯ ವಿಷಯವೋ, ಭಾವಮೈದುನ ಕಟ್ಟಿಸುತ್ತಿರುವ ಸೊಟ್ಟ ಕಾಂಪೌಂಡಿನ ವಿಷಯವೋ ಹೇಳುತ್ತ ಕೂರುತ್ತಿದ್ದ. ಹತ್ತು ನಿಮಿಷದಲ್ಲಿ ಆ ಮನುಷ್ಯ ಕಾಫಿಯನ್ನಾದರೂ ಬೈದರೆ ಬಸ್ಸು ಕೊಡುತ್ತಿದ್ದ. ಬೈಯದಿದ್ದರೆ ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆಯ ಬೆಂಚಿನ ಮೇಲೆ ಮಲಗಲು ಕಳಿಸಿ, ಬೇರೆ ಚಾಲಕನನ್ನು ಹುಡುಕಿ, ಬಸ್ಸು ತಡವಾಗಿ ಬಿಟ್ಟು, ರಿಜಿಸ್ಟರಿನಲ್ಲಿ ಕಾರಣ ಬರೆಯುತ್ತಿದ್ದ: ವೈಪರ್ ರಿಪೇರಿ.

ಶುದ್ಧ ಸುಳ್ಳು. ಆದರೆ ‘ಚಾಲಕನಿಗೆ ಹುಷಾರಿಲ್ಲ’ ಎಂದು ರಿಜಿಸ್ಟರಿನಲ್ಲಿ ಮೂರು ಸಲ ಬಿದ್ದರೆ ಆ ಮನುಷ್ಯ ವೈದ್ಯರ ಮಂಡಳಿಯ ಮುಂದೆ ನಿಲ್ಲಬೇಕು. ಅಲ್ಲಿ ಅವರು ಆಗದು ಎಂದು ತಲೆಯಾಡಿಸಿದರೆ ಸ್ಟೇರಿಂಗ್ ಕೈತಪ್ಪಿ ಶೆಡ್ ಗುಡಿಸುವ ಕೆಲಸ. ಚಾಲಕರಿಗೆ ಅದೊಂದು ಭಯ. ನಿದ್ದೆಗೆಟ್ಟ ಕಣ್ಣಿನಲ್ಲಿ ಘಾಟಿ ಇಳಿಸಿಯಾರು, ಹುಷಾರಿಲ್ಲ ಎಂದು ಬಾಯಿ ಬಿಡಲಾರರು.

ಈ ಹುಚ್ಚು ಪದ್ಧತಿ ಅವನಿಗೆ ಅಂಟಿಕೊಂಡದ್ದು ಸುಡಲೈಮಣಿಯಿಂದ. ಸುಡಲೈಮಣಿ ಅವನ ಓರಗೆಯವನು, ಜೊತೆಯಲ್ಲೇ ಕೆಲಸಕ್ಕೆ ಸೇರಿದವನು, ಮಹಾ ಬಾಯಿಬಡುಕ. ವಡೆಯಿಂದ ಹಿಡಿದು ಸರ್ಕಾರದವರೆಗೆ ಯಾವುದನ್ನೂ ಬಿಡುತ್ತಿರಲಿಲ್ಲ. ಪೇಚ್ಚಿಮುತ್ತು ಬೆನ್ನುನೋವಿನಿಂದ ಬಸ್ಸು ಓಡಿಸುವುದು ಬಿಟ್ಟು ಕಿಟಕಿಗೆ ಬಂದ ಹೊಸತು. ಒಂದು ದಿನ ಸುಡಲೈಮಣಿ ಬಂದು ಸಹಿ ಹಾಕಿ, “ಬರ್ತೀನಿ ಮುತ್ತು” ಎಂದಷ್ಟೇ ಹೇಳಿ ಶೀಟ್ ತೆಗೆದುಕೊಂಡು ಹೋದ. ಸದ್ಯ, ಇವತ್ತೊಂದು ದಿನ ಕಿವಿಗೆ ವಿಶ್ರಾಂತಿ ಎಂದು ಪೇಚ್ಚಿಮುತ್ತು ಖುಷಿಪಟ್ಟ. ಕಡೆಯನಲ್ಲೂರಿಗೆ ಮುಂಚಿನ ತಿರುವಿನಲ್ಲಿ ಬಸ್ಸು ತಿರುಗಲೇ ಇಲ್ಲ. ನೆಟ್ಟಗೆ ಹೋಗಿ ಕೆರೆಗೆ ಇಳಿಯಿತು. ಜನ ಈಜಿಯೋ ತೆವಳಿಯೋ ಬದುಕಿಕೊಂಡರು, ಸುಡಲೈಮಣಿ ಬದುಕಲಿಲ್ಲ. ರಸ್ತೆಯ ಮೇಲೆ ಬ್ರೇಕಿನ ಗುರುತೇ ಇರಲಿಲ್ಲವಂತೆ. ಸತತ ಐದು ದಿನ ಡಬಲ್ ಡ್ಯೂಟಿ ಮಾಡಿದ್ದನೆಂದು ಆಮೇಲೆ ಗೊತ್ತಾಯಿತು. ಅಂದಿನಿಂದ ಕಿಟಕಿಯ ಮುಂದೆ ಯಾರಾದರೂ ಮೌನವಾಗಿ ನಿಂತರೆ ಪೇಚ್ಚಿಮುತ್ತು ಶೀಟನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಅವನ ನಿವೃತ್ತಿಗೆ ಎಂಟು ತಿಂಗಳಿರುವಾಗ ಹೊಸ ಮ್ಯಾನೇಜರ್ ಬಂದಳು. ತಿಲಗವತಿ, ಮೂವತ್ತೈದರ ಆಸುಪಾಸು, ಎಂಜಿನಿಯರಿಂಗ್ ಓದಿದವಳು. ಕೆಟ್ಟವಳಲ್ಲ. ಬಂದ ತಿಂಗಳಲ್ಲೇ ಮೇಲಿನವರು ಅವಳ ತಲೆಯ ಮೇಲೆ ಡೀಸೆಲ್, ಕಿಲೋಮೀಟರು, ಅಪಘಾತ ಎಂದು ಮೂರು ಮೂಟೆ ಹೊರಿಸಿದ್ದರು. ಅದರ ಜೊತೆಗೆ ಚಾಲಕರ ಮಾನಸಿಕ ಒತ್ತಡವನ್ನು ಕೂಡಲೇ ಕಡಿಮೆ ಮಾಡಿ ವರದಿ ಕಳಿಸಿ ಎಂದು ಒಂದು ಆದೇಶವೂ ಬಂತು. ಪಾಪ, ಅವಳು ಕಡಿಮೆ ಮಾಡಲು ಹೊರಟಳು. ಕೆಲಸದ ದಿನ ಬಸ್ಸು ನಿಲ್ಲಿಸುವಂತಿಲ್ಲವಲ್ಲ, ಹಾಗಾಗಿ ವಾರದ ರಜೆಯ ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ತರಬೇತಿ ಇಟ್ಟಳು. ಬಾರದವನಿಗೆ ಅರ್ಧ ದಿನದ ರಜೆ ಕಡಿತ.

ಮದುರೆಯಿಂದ ಬಂದ ತರಬೇತುದಾರ ತುಂಬ ಮೃದುವಾಗಿ ಮಾತಾಡುತ್ತಿದ್ದ. “ಎಲ್ರೂ ಕಣ್ಮುಚ್ಚಿ. ಒಂದು ಜಲಪಾತದ ಕೆಳಗೆ ನಿಂತಿದ್ದೀನಿ ಅಂತ ಊಹಿಸ್ಕೊಳ್ಳಿ” ಎಂದ.

ಹಿಂದಿನ ಸಾಲಿನಿಂದ ಮಾಡಸಾಮಿ ಎದ್ದು ನಿಂತ. “ಸಾರ್, ಊಹೆ ಯಾಕೆ? ಐದು ಕಿಲೋಮೀಟರಿಗೆ ಕುಟ್ರಾಲಂನಲ್ಲಿ ನಿಜವಾದ್ದೇ ಸುರೀತಾ ಇದೆ. ಬಿಟ್ರೆ ಹೋಗಿ ಸ್ನಾನ ಮಾಡ್ಕೊಂಡು ಮನೇಲಿ ಮಲಗ್ತೀವಿ.”

ಬಿಡಲಿಲ್ಲ. ಕಣ್ಣು ಮುಚ್ಚಿದರು. ಫ್ಯಾನ್ ತಿರುಗುತ್ತಿತ್ತು, ಎರಡು ನಿಮಿಷದಲ್ಲಿ ಮೂವತ್ತೆಂಟು ಜನರೂ ಗೊರಕೆ ಹೊಡೆದರು. ಭಾಗವಹಿಸಿದವರೆಲ್ಲ ಆಳವಾದ ಶಾಂತಿ ಪಡೆದರೆಂದು ವರದಿ ಹೋಯಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಪಘಾತದ ಪಟ್ಟಿ ಮುಗಿಸಿ ತಡವಾದ ಬಸ್ಸುಗಳ ಪಟ್ಟಿಗೆ ಕೈ ಹಾಕಿದಾಗ ತಿಲಗವತಿಗೆ ವೈಪರ್ ಸಿಕ್ಕಿತು. ಒಂದು ವರ್ಷದಲ್ಲಿ ನಲವತ್ತೊಂದು ಸಲ ವೈಪರ್ ರಿಪೇರಿ. ಸ್ಟೋರಿನಿಂದ ಹೋದ ವೈಪರ್ ಎರಡೇ ಎರಡು. ಪೇಚ್ಚಿಮುತ್ತುವನ್ನು ಕರೆಸಿದಳು.

“ನಿಜ ಹೇಳಿ. ಈ ನಲವತ್ತೊಂದು ದಿನ ಏನಾಗಿತ್ತು?”

“ವೈಪರ್, ಮೇಡಂ.”

“ಏಪ್ರಿಲ್ ತಿಂಗಳಲ್ಲಿ? ಆ ಬಿಸಿಲಲ್ಲಿ?”

“ಧೂಳು, ಮೇಡಂ.”

ಅವಳಿಗೆ ನಗು ಬಂತು. ತಡೆದುಕೊಂಡಳು. “ನೋಡಿ, ಅವತ್ತು ಪುಳಿಯಂಗುಡಿ ಬಸ್ಸು ನಲವತ್ತು ನಿಮಿಷ ಲೇಟು. ಆಸ್ಪತ್ರೆಗೆ ಹೋಗೋರು ಸ್ಟಾಪಲ್ಲಿ ನಿಂತಿದ್ರು. ಅವರಿಗೆ ನಾನೇನು ಧೂಳು ಅಂತ ಹೇಳ್ಲಾ? ನೀವು ಯಾರನ್ನೋ ಕಾಪಾಡ್ತಿದ್ದೀರಿ, ಅದು ಗೊತ್ತಾಗುತ್ತೆ. ಅವರ ಹೆಸರು ಕೊಡಿ, ನಿಮ್ಮನ್ನ ನಾನು ಉಳಿಸ್ತೀನಿ. ಕೊಡದಿದ್ರೆ ಸಸ್ಪೆಂಡ್ ಮಾಡಿ ಅಂತ ಮೇಲಿಂದ ಬರುತ್ತೆ. ಏಳು ದಿನ ಟೈಮಿದೆ.”

ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ನಿಂತು ಕಾದ ಜನ ಸುಳ್ಳಲ್ಲ. ಪೇಚ್ಚಿಮುತ್ತುವಿಗೂ ಅದು ಗೊತ್ತಿತ್ತು. ಹೆಸರು ಕೊಟ್ಟರೆ ಹತ್ತು ಹನ್ನೆರಡು ಚಾಲಕರ ಕೈಗೆ ಪೊರಕೆ ಬರುತ್ತದೆ. ಕೊಡದಿದ್ದರೆ ಮೂವತ್ತೆರಡು ವರ್ಷ ದುಡಿದವನು ಎಂಟು ತಿಂಗಳಿಗೆ ಮುಂಚೆ ಕಳ್ಳನ ಹಾಗೆ ಗೇಟು ದಾಟಬೇಕು. ಏಪ್ರಿಲಿನ ಧೂಳನ್ನೂ ಸೇರಿಸಿ ಬರೆದು ಅವಳು ಕೊಟ್ಟ ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ತುರುಕಿ ಬಂದು ಕಿಟಕಿಯ ಹಿಂದೆ ಕೂತ. ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಗೋಮತಿಗೆ ಮೊದಲು ಅನುಮಾನ ಬಂತು. ನಾಲ್ಕನೆಯ ದಿನ ಊಟ ಮಾಡಿ ಎದ್ದವನನ್ನು ತಡೆದು ನಿಲ್ಲಿಸಿದಳು.

“ತೆಂಗಿನಹಾಲಿನ ಸೊದಿ ಸಾರಿಗೆ ಉಪ್ಪು ಹಾಕೋದು ಮರ್ತಿದ್ದೆ. ಎರಡ್ಸಲ ಹಾಕಿಸ್ಕೊಂಡು ತಿಂದ್ರಲ್ಲ?”

“ಚೆನ್ನಾಗಿತ್ತು.”

“ಮೂವತ್ತು ವರ್ಷದಲ್ಲಿ ಒಂದ್ಸಲನಾದ್ರೂ ಚೆನ್ನಾಗಿತ್ತು ಅಂದಿದ್ದೀರಾ ನೀವು? ಏನಾಗಿದೆ ಹೇಳ್ರೀ.”

“ಏನಿಲ್ಲ ಗೋಮತಿ. ನಿದ್ದೆ ಬರ್ತಿದೆ” ಎಂದು ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ. ನಿದ್ದೆ ಬರಲಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೆ ಬೈಯಲು ಯಾರೂ ತೋಚಲಿಲ್ಲ, ಮ್ಯಾನೇಜರನ್ನೂ ಬೈಯಲು ಮನಸ್ಸು ಬರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಇಸಕ್ಕಿಪಾಂಡಿ ಕಿಟಕಿಗೆ ಬಂದ. ಮಾರ್ಚಿನಲ್ಲಿ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ, ಮೂರು ದಿನ ಕಣ್ಣು ಮುಚ್ಚದೆ ಬಂದು ಮೌನವಾಗಿ ಕೈ ಚಾಚಿ, ಮರೆತ ಸಾಮಾನಿನ ಕೋಣೆಯಲ್ಲಿ ಛತ್ರಿಗಳ ನಡುವೆ ನಾಲ್ಕು ಗಂಟೆ ಸತ್ತಂತೆ ಮಲಗಿದವನು ಇವನೇ.

“ಅಣ್ಣಾಚ್ಚಿ, ಇವತ್ತೂ ಆ ಮೂರು ಕಾಲಿನ ಕತ್ತೆನೇ ಕೊಟ್ರಾ?”

ಪೇಚ್ಚಿಮುತ್ತು ಶೀಟ್ ಮುಂದಕ್ಕೆ ತಳ್ಳಿದ. ಇಸಕ್ಕಿ ಎರಡು ಹೆಜ್ಜೆ ಹೋಗಿ ತಿರುಗಿ ಬಂದ.

“ಕತ್ತೆ ಅಂದೆ.”

“ಹೂಂ.”

“ನಿಮ್ಮನ್ನೂ ಸೇರಿಸಿ ಅಂದೆ.”

“ಸರಿ ಕಣಪ್ಪ. ಹುಷಾರಾಗಿ ಹೋಗ್ಬಾ.”

ಹನ್ನೊಂದು ವರ್ಷದಲ್ಲಿ ಆ ಕಿಟಕಿಯಿಂದ ಅಂಥ ಮಾತು ಹೊರಬಿದ್ದಿರಲಿಲ್ಲ. ಇಸಕ್ಕಿ ಶೀಟನ್ನು ಕಿಟಕಿಯೊಳಗೆ ವಾಪಸ್ ಇಟ್ಟು, ಬಾಗಿಲು ನೂಕಿಕೊಂಡು ಒಳಗೆ ಬಂದ. “ಏಳಿ ಅಣ್ಣಾಚ್ಚಿ. ಈ ಸ್ಟೂಲ್ ಮೇಲೆ ಕೂತ್ಕೊಳಿ” ಎಂದ. ಹೆಗಲು ಹಿಡಿದು ಕೂರಿಸಿದ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೈಗೆ ಕೊಟ್ಟು, ತನ್ನ ಮನೆಯ ಮೋಟಾರು ಕೆಟ್ಟದ್ದನ್ನು, ರಿಪೇರಿಯವನು ಅದನ್ನು ಇನ್ನೂ ಕೆಡಿಸಿದ್ದನ್ನು ಹೇಳುತ್ತ ಕೂತ. ಏನಾಯಿತು ಎಂದು ಮಾತ್ರ ಕೇಳಲಿಲ್ಲ. ಅರ್ಧ ಲೋಟ ಕಾಫಿಯಾಗುವ ಹೊತ್ತಿಗೆ ಪೇಚ್ಚಿಮುತ್ತು ಜೇಬಿನಿಂದ ನೋಟೀಸು ತೆಗೆದು ಕೊಟ್ಟ.

ಇಸಕ್ಕಿ ಅದನ್ನು ಗಟ್ಟಿಯಾಗಿ ಓದಿದ. ಕಿಟಕಿಯ ಮುಂದಿದ್ದ ಸಾಲು ಪೂರ್ತಿ ಕೇಳಿಸಿಕೊಂಡಿತು. ಐದೂವರೆಯ ಬಸ್ಸು ಹೊರಡಲಿಲ್ಲ, ಐದೂ ಮುಕ್ಕಾಲಿನದೂ ಹೊರಡಲಿಲ್ಲ. ಎಲ್ಲರೂ ಒಟ್ಟಾಗಿ ಮ್ಯಾನೇಜರ್ ಕೋಣೆಯ ಮುಂದೆ ಹೋಗಿ ನಿಂತರು.

“ಏನಿದು, ಮುಷ್ಕರನಾ?” ಎನ್ನುತ್ತ ತಿಲಗವತಿ ಹೊರಗೆ ಬಂದಳು.

“ಅಲ್ಲ ಮೇಡಂ. ಹೆಸರು ಕೇಳಿದ್ರಲ್ಲ? ಮಾರ್ಚ್ ಒಂಬತ್ತರ ವೈಪರ್ ನಾನು” ಎಂದ ಇಸಕ್ಕಿ. “ಹೆಂಡ್ತಿ ಐಸಿಯುನಲ್ಲಿದ್ಲು. ನಿದ್ದೆ ಇರ್ಲಿಲ್ಲ. ಅವತ್ತು ಗಾಡಿ ಹತ್ತಿದ್ರೆ ಎಷ್ಟು ಜನಾನ ಕೊಲ್ತಿದ್ನೋ.”

“ಏಪ್ರಿಲ್ ಧೂಳು ನಾನು” ಎಂದ ಮಾಡಸಾಮಿ. ಅವನ ಮಾತಿನಲ್ಲಿ ತಮಾಷೆಯಿರಲಿಲ್ಲ. “ಅಪ್ಪ ಹೋಗಿ ಮೂರನೇ ದಿನ. ರಜ ಸಿಕ್ಕಿರ್ಲಿಲ್ಲ.”

ಹಿಂದೆ ನಿಂತಿದ್ದ ಶಂಕರಲಿಂಗಂ ಆರಡಿಯ ಆಳು, ಡಿಪೋದಲ್ಲಿ ಎಲ್ಲರನ್ನೂ ಹೆದರಿಸುವ ಮೀಸೆ ಅವನದು. “ನಾನು ಆರು ಸಲ, ಮೇಡಂ” ಎಂದ. “ಮಗಳು ಮನೆ ಬಿಟ್ಟು ಹೋದ್ಮೇಲೆ ಪ್ರತಿ ಸ್ಟಾಪಲ್ಲೂ ಅವಳೇ ನಿಂತಂಗೆ ಕಾಣೋದು. ರಸ್ತೆ ಕಾಣ್ತಿರ್ಲಿಲ್ಲ.” ಹೇಳುತ್ತಲೇ ಅತ್ತುಬಿಟ್ಟ. ಅಷ್ಟು ದೊಡ್ಡ ಗಂಡಸು ಅಳುವುದನ್ನು ನೋಡಿ ಎಲ್ಲರೂ ತಲೆ ತಗ್ಗಿಸಿದರು.

ತಿಲಗವತಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. “ಇಷ್ಟೆಲ್ಲ ಇದ್ರೆ ನನಗೆ ಯಾಕೆ ಯಾರೂ ಹೇಳಲಿಲ್ಲ?”

“ಹೇಳಿದ್ರೆ ಸ್ಟೇರಿಂಗ್ ಹೋಗುತ್ತಲ್ಲ ಮೇಡಂ.”

ಅವಳು ಎದ್ದು ನೇರ ಪೇಚ್ಚಿಮುತ್ತುವಿನ ಕೋಣೆಗೆ ಬಂದಳು. “ಅಣ್ಣಾಚ್ಚಿ, ಸುಳ್ಳು ಬರೆದದ್ದು ತಪ್ಪೇ. ಮೇಲಕ್ಕೆ ಉತ್ತರ ಕೊಡಲೇಬೇಕು, ಒಂದು ಇನ್‌ಕ್ರಿಮೆಂಟ್ ಹೋಗ್ಬಹುದು. ಅದಕ್ಕಿಂತ ಹೆಚ್ಚು ಆಗದ ಹಾಗೆ ನಾನು ಬರೀತೀನಿ. ಹೆಸರು ಯಾವುದೂ ನನಗೆ ಕೇಳಿಸಿಲ್ಲ. ನಾಳೆಯಿಂದ ವೈಪರ್ ಬೇಡ, ವಿಶ್ರಾಂತಿ ಅಂತ್ಲೇ ಬರೀರಿ, ಕೆಳಗೆ ನನ್ನ ಸಹಿ ಇರುತ್ತೆ. ಅದಕ್ಕೆ ಉತ್ತರ ಹೇಳೋಳು ನಾನು. ಬೆಳಿಗ್ಗೆ ಇಬ್ಬರು ಚಾಲಕರನ್ನ ಹೆಚ್ಚಿಗೆ ಇಟ್ಕೊಳ್ಳೋಣ, ಯಾವ ಬಸ್ಸೂ ಲೇಟಾಗೋದು ಬೇಡ.”

“ರಜೆ ದಿನದ ಜಲಪಾತ?” ಎಂದು ಬಾಗಿಲಿನಿಂದ ಮಾಡಸಾಮಿ ಕೇಳಿದ.

“ಹೋಗಿ ಸ್ನಾನ ಮಾಡ್ಕೊಂಡ್ ಬನ್ನಿ. ಕ್ಲಾಸ್ ಇಲ್ಲ.”

ರಿಜಿಸ್ಟರ್ ತೆಗೆದು ಮೊದಲ ಹೆಸರನ್ನು ಅವಳೇ ಬರೆದಳು: ಪೇಚ್ಚಿಮುತ್ತು, ಟೈಂಕೀಪರ್, ಇವತ್ತು ವಿಶ್ರಾಂತಿ. ಕೆಳಗೆ ಸಹಿ ಹಾಕಿ, ಅವನ ಕುರ್ಚಿಯಲ್ಲಿ ತಾನೇ ಕೂತು ಶೀಟ್ ಕೊಡಲು ಶುರು ಮಾಡಿದಳು. ಮೊದಲು ಬಂದ ಚಾಲಕ ಬೈಯಲೋ ಬೇಡವೋ ಎಂದು ಕಕ್ಕಾಬಿಕ್ಕಿಯಾಗಿ ನಿಂತ.

ಇಸಕ್ಕಿಪಾಂಡಿ ಪೇಚ್ಚಿಮುತ್ತುವನ್ನು ತನ್ನ ಶೆಂಗೋಟ್ಟೈ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಮನೆ ಇಲಂಜಿಯಲ್ಲಿ, ದಾರಿಯಲ್ಲೇ. ಹೊರಗೆ ತುಂತುರು ಹನಿಯುತ್ತಿತ್ತು. ಇಸಕ್ಕಿ ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಬೈದ. ರಸ್ತೆ ಅಗೆದವರನ್ನು ಬೈದ, ಅಡ್ಡ ಬಂದ ಮೇಕೆಯನ್ನು ಬೈದ, ಮುಂದೆ ಹೋಗುತ್ತಿದ್ದ ಲಾರಿಯವನ ಏಳು ತಲೆಮಾರನ್ನು ಬೈದ. ಪಕ್ಕದಿಂದ ಒಂದು ಮಾತೂ ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅಣ್ಣಾಚ್ಚಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಇಸಕ್ಕಿಗೆ ಅಣ್ಣಾಚ್ಚಿ ಇನ್ನು ಬೈಯುವುದೇ ಇಲ್ಲವೇನೋ ಎಂದು ಭಯವಾಯಿತು. ಆ ಭಯದಲ್ಲೇ ಇಲಂಜಿಯ ತಿರುವಿನಲ್ಲಿ ಗೇರ್ ತಪ್ಪಿ, ಬಸ್ಸು ಕರಕರ ಎಂದು ಅರಚಿತು.

“ಲೇ ಮೂದೇವಿ! ಗೇರ್ ಹಾಕ್ತಿದ್ಯೋ, ಅದರ ಹಲ್ಲು ಕೀಳ್ತಿದ್ಯೋ? ನಿಂಗೆ ಲೈಸೆನ್ಸ್ ಕೊಟ್ಟೋನು ಕುರುಡನಾಗಿದ್ನಾ? ಎತ್ತಿನ ಗಾಡಿ ಹೊಡ್ಯೋಕೂ ಲಾಯಕ್ಕಿಲ್ಲ ನೀನು!”

ಇಸಕ್ಕಿ ತಿರುಗಿ ನೋಡಲಿಲ್ಲ. ಕಣ್ಣು ತುಂಬಿ ರಸ್ತೆ ಮಸುಕಾಗಿತ್ತು, ಬಸ್ಸನ್ನು ನಿಧಾನವಾಗಿ ಪಕ್ಕಕ್ಕೆ ತಂದು ನಿಲ್ಲಿಸಿದ.

“ಇನ್ನೊಂದ್ಸಲ ಬೈಯಿರಿ ಅಣ್ಣಾಚ್ಚಿ” ಎಂದ.