ಗೋದಲಿಯಲ್ಲಿ ಹನ್ನೊಂದು ಮೊಟ್ಟೆ

ಅವಳಿಗೆ ಐದು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಮನೆಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಯಾಕಮ್ಮ ಎಂದು. ಬೆಳಿಗ್ಗೆ ಕಣ್ಣು ಬಿಟ್ಟರೆ ಸಾಕು, "ಯಾಕೆ?" ಶುರು. ಹಸು ನುಂಗಿದ್ದನ್ನೇ ಮತ್ತೆ ಯಾಕೆ ಅಗಿಯುತ್ತದೆ? ಬಾತು ಮುಳುಗೆದ್ದರೂ ಯಾಕೆ ಒದ್ದೆಯಾಗುವುದಿಲ್ಲ? ಅಪ್ಪ "ಅಜ್ಜಿಯನ್ನ ಕೇಳು" ಎನ್ನುತ್ತಿದ್ದ. ಅಜ್ಜಿ "ಹೋಗಿ ಆ ಬಾತನ್ನೇ ಕೇಳು" ಎನ್ನುತ್ತಿದ್ದಳು. ಯಾಕಮ್ಮ ನಿಜಕ್ಕೂ ಹೋಗಿ ಕೇಳುತ್ತಿದ್ದಳು.

ಆ ಹೊಲದ ಮನೆಯಲ್ಲಿ ಕೋಳಿಗಳ ಯಜಮಾನಿಕೆ ಅಜ್ಜಿಯದು. ಒಂದು ಬೆಳಿಗ್ಗೆ ಗೂಡಿನೊಳಗೆ ಕೈ ಆಡಿಸುತ್ತಾ ಗೊಣಗಿದಳು: "ಈ ಚುಕ್ಕಿ ಕೋಳಿ ಮೊಟ್ಟೆ ಇಡೋದು ಬಿಟ್ಟು ಎರಡು ವಾರ ಆಯ್ತು. ಬಿಟ್ಟಿ ಕಾಳು ತಿಂದ್ಕೊಂಡು ಬಿದ್ದಿದೆ. ಮುಂದಿನ ಸಂತೆಗೆ ಕಳಿಸಿಬಿಡೋಣ."

"ಅದರ ಜುಟ್ಟು ಕೆಂಪಗೇ ಇದೆಯಲ್ಲಜ್ಜಿ, ಮೊಟ್ಟೆ ಇಡೋ ಕೋಳಿಗಳ ತರಾನೇ."

"ಜುಟ್ಟನ್ನ ಬೇಯಿಸ್ಕೊಂಡು ತಿನ್ನೋಕಾಗುತ್ತಾ?" ಎಂದು ಅಜ್ಜಿ ಬುಟ್ಟಿ ಎತ್ತಿಕೊಂಡು ಹೋದಳು.

ಯಾಕಮ್ಮ ಚುಕ್ಕಿಯ ಬೆನ್ನು ಹತ್ತಿದಳು. ಅವಳು ನಿಂತರೆ ಕೋಳಿಯೂ ನಿಂತು, ಏನೂ ತಿಳಿಯದ ಹಾಗೆ ನೆಲ ಕೆದಕುತ್ತಿತ್ತು. ಟ್ರಾಕ್ಟರ್ ಹತ್ತಿರ ಹಲ್ಲಿಯೊಂದು ಬಾಲ ಬಿಟ್ಟು ಓಡಿದ್ದನ್ನು ನೋಡುತ್ತಾ ನಿಂತಾಗ ಕೋಳಿ ಮಾಯ. ಮರುದಿನ ಅವಳು ಉಪಾಯ ಬದಲಿಸಿದಳು. ಗಾಡಿಯ ಕೆಳಗೆ ಮಲಗಿ, ಒಂದು ಕಣ್ಣು ಮುಚ್ಚಿ, ಒಂದನ್ನು ಬಿಟ್ಟುಕೊಂಡಳು. ಚುಕ್ಕಿ ಎರಡು ಸಲ ಹತ್ತಿರ ಬಂದು ನೋಡಿತು. ಆಮೇಲೆ ನೆಟ್ಟಗೆ ಕೊಟ್ಟಿಗೆಗೆ ನಡೆದು, ದನಗಳಿಗೆ ಮೇವು ಹಾಕುವ ಕೊನೆಯ ಗೋದಲಿಯೊಳಗೆ ಹಾರಿತು.

ಅದು ಸಿಡುಕಿಯ ಗೋದಲಿ. ಸಿಡುಕಿ ಎಂಬ ಹಸುವಿಗೆ ಎಲ್ಲರೂ ಹೆದರುತ್ತಿದ್ದರು. ದೂರದಿಂದಲೇ ಹುಲ್ಲೆಸೆದು ಬರುತ್ತಿದ್ದರು. ಅಪ್ಪ ಕೂಡ ಅದರ ಕಾಲು ಕಟ್ಟಿಯೇ ಹಾಲು ಕರೆಯುತ್ತಿದ್ದ.

ಹೆದರಿಕೆ ಯಾಕಮ್ಮನಿಗೂ ಇತ್ತು. ಆದರೆ ಕೋಳಿ ಒಳಗೆ ಏನು ಮಾಡುತ್ತಿದೆಯೋ ಎಂಬ ಕುತೂಹಲ ಅದಕ್ಕಿಂತ ದೊಡ್ಡದಿತ್ತು. ಅಡ್ಡಗಳುವಿನ ಕೆಳಗೆ ನುಸುಳಿ ಗೋದಲಿಯೊಳಗೆ ಇಣುಕಿದಳು. ಹುಲ್ಲಿನ ಮೂಲೆಯಲ್ಲಿ ಹನ್ನೊಂದು ಮೊಟ್ಟೆ! ಸಿಡುಕಿ ತಲೆ ತಗ್ಗಿಸಿ ಅವಳ ಮುಖದ ಮೇಲೆ ಬಿಸಿಯುಸಿರು ಬಿಟ್ಟಿತು. ಹಾಯಲಿಲ್ಲ. ಚುಕ್ಕಿ ಗೋದಲಿಯ ಅಂಚಿಗೆ ಹಾರಿ ಹಸುವಿನ ಕಿವಿಯೊಳಗೆ ಕುಟುಕತೊಡಗಿತು. ಹಸು ತಾನೇ ಕಿವಿ ಓರೆ ಮಾಡಿ ಕಣ್ಣು ಮುಚ್ಚಿಕೊಂಡಿತು.

ಹೊತ್ತಾದರೂ ಮಗು ಕಾಣದೆ ಹುಡುಕುತ್ತಾ ಬಂದ ಅಜ್ಜಿ ಕೊಟ್ಟಿಗೆಯ ಬಾಗಿಲಿಂದಲೇ ಕೂಗಿದಳು: "ಅಯ್ಯೋ! ಅಲ್ಲಾಡಬೇಡ ಮಗಾ!"

"ಶ್! ಕೂಗಬೇಡ ಅಜ್ಜಿ. ಚುಕ್ಕಿ ತಿಂತಾ ಇದೆ."

"ಏನು ತಿಂತಾ ಇದೆ?"

"ಹಸು ಕಿವಿಯೊಳಗಿರೋ ಕಾಳು."

ಅಪ್ಪ ಓಡಿಬಂದು ಅವಳನ್ನು ಎಳೆದುಕೊಂಡ. ಅಜ್ಜಿ ಮೊದಲು ಬೆನ್ನಿಗೊಂದು ಕೊಟ್ಟು, ಆಮೇಲೆ ಬಾಚಿ ತಬ್ಬಿದಳು. ಅಪ್ಪ ಬಗ್ಗಿ ನೋಡಿದ: ಕಾಳಲ್ಲ, ಉಣ್ಣೆ. ರಕ್ತ ಹೀರಿ ಉಬ್ಬಿದ ಹುಳುಗಳು ಕಿವಿಯ ಆಳದವರೆಗೂ ಕಚ್ಚಿಕೊಂಡಿದ್ದವು, ಸುತ್ತಲೂ ಹುಣ್ಣು.

ದನದ ಡಾಕ್ಟರು ಮಧ್ಯಾಹ್ನವೇ ಬಂದರು. "ಇದು ಹಾಯ್ತಾ ಇದ್ದದ್ದು ಕೋಪಕ್ಕಲ್ಲ, ನೋವಿಗೆ. ಇಷ್ಟು ದಿನ ಯಾರೂ ನೋಡಲಿಲ್ವಾ?"

ಅಪ್ಪ ನೆಲ ನೋಡುತ್ತಾ ಹೇಳಿದ: "ಹಾಯುತ್ತೆ ಅಂತ ಯಾರೂ ಹತ್ತಿರಾನೇ ಹೋಗ್ತಿರಲಿಲ್ಲ ಸಾರ್."

"ಕಿವಿ ನೋಯುತ್ತೆ ಅಂತ ಹಸು ಕೋಳಿಗೆ ಹೇಗೆ ಹೇಳ್ತು?" ಎಂದಳು ಯಾಕಮ್ಮ.

ಡಾಕ್ಟರು ಔಷಧಿ ಹಚ್ಚುವುದನ್ನು ನಿಲ್ಲಿಸಿ ತಲೆ ಕೆರೆದುಕೊಂಡರು. "ಅದನ್ನ ನನಗೆ ಯಾರೂ ಪಾಠ ಮಾಡ್ಲಿಲ್ಲಮ್ಮ."

ಚುಕ್ಕಿ ಸಂತೆಗೆ ಹೋಗಲಿಲ್ಲ. ಎರಡು ದಿನಕ್ಕೆ ಅದೇ ಗೋದಲಿಯಲ್ಲಿ ಕಾವು ಕೂತಿತು. ಅಪ್ಪ ಸಿಡುಕಿಗೆ ಬೇರೆ ಬಾನಿಯಲ್ಲಿ ಹುಲ್ಲು ಹಾಕಿದ. ಮೂರು ವಾರಕ್ಕೆ ಒಂಬತ್ತು ಮರಿ. ಅವನ್ನು ಕೆಳಗಿಳಿಸುವ ದಿನ ಚುಕ್ಕಿ ನೆಲದ ಮೇಲೆ ನಿಂತು ಕರೆಯಿತು. ಎಂಟು ಮರಿಗಳು ಹತ್ತಿಯ ಉಂಡೆಗಳಂತೆ ಹುಲ್ಲಿನ ಮೇಲೆ ಬಿದ್ದೆದ್ದವು. ಒಂಬತ್ತನೆಯದು ಅಂಚಿನಲ್ಲೇ ನಿಂತು ಚೀಂಗುಟ್ಟಿತು.

"ನಾನು ಎತ್ತಿ ಇಳಿಸ್ತೀನಿ ಬಿಡು," ಎಂದ ಅಪ್ಪ.

"ಬೇಡಪ್ಪ. ಅದೇನು ಮಾಡುತ್ತೋ ನೋಡೋಣ."

ಅಜ್ಜಿಗೆ ಮನೆ ತುಂಬ ಕೆಲಸ ಬಿದ್ದಿತ್ತು. ಆದರೂ ಬಕೆಟ್ಟನ್ನು ಬೋರಲು ಹಾಕಿ, ಮೊಮ್ಮಗಳ ಪಕ್ಕದಲ್ಲಿ ಕೂತು, "ಸ್ವಲ್ಪ ಸರಿ, ನನಗೂ ಕಾಣಲಿ" ಎಂದಳು.